6.81 ಲಕ್ಷ ಕೋಟಿಗೆ ತಕ್ಕ ಬಲ ಸಿಗುತ್ತಿದೆಯಾ?

ಪ್ರಶ್ನೆ (ಗೋಕಾಕದಿಂದ): ನಮಸ್ಕಾರ ಸುಬೇದಾರ್ ಸಾಹೇಬರೇ. ನನ್ನ ತಮ್ಮ ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ ಅಗ್ನಿವೀರ ತರಬೇತಿಯಲ್ಲಿದ್ದಾನೆ. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಅಷ್ಟು ದುಡ್ಡಿಗೆ ತಕ್ಕ ಬಲ ಬರುತ್ತಿದೆಯಾ? ನೀವು ಸೇನೆಯ ಸ್ಟೋರ್ ನೋಡಿಕೊಂಡವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ತಮ್ಮನಿಗೆ ಒಳ್ಳೆಯದಾಗಲಿ. ಪೂರ್ತಿ ಬರುತ್ತಿಲ್ಲ ಅಂತಲೇ ಹೇಳಬೇಕು. ಅದರಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಗೇ ಬೇಕು. ನನ್ನದೂ ಅದರಲ್ಲೇ ಬರುತ್ತದೆ, ಅದು ದುಡಿದವರ ಹಕ್ಕು. ವಿಮಾನ, ತೋಪು, ಹಡಗು ಕೊಳ್ಳುವುದೆಲ್ಲ 1.80 ಲಕ್ಷ ಕೋಟಿಯ ಬಂಡವಾಳ ಖಾತೆಯಿಂದ.

ಆದರೆ ನನಗೆ ಜಾಸ್ತಿ ಸಂಕಟ ಆಗುವುದು ತಡದ ಬಗ್ಗೆ. 2021ರ ಫೆಬ್ರುವರಿಯಲ್ಲಿ ನಮ್ಮ ದೇಶದಲ್ಲೇ ಮಾಡುವ 83 ತೇಜಸ್ ವಿಮಾನಗಳಿಗೆ (73 ಮಾರ್ಕ್-1ಎ ಯುದ್ಧವಿಮಾನ, 10 ತರಬೇತಿ ವಿಮಾನ) ಆರ್ಡರ್ ಕೊಟ್ಟರು. 2024ರಲ್ಲಿ ಬರಲು ಶುರುವಾಗಬೇಕಿತ್ತು. ಅಮೆರಿಕದ ಕಂಪನಿ ಅದರ ಮೊದಲ ಎಂಜಿನ್ ಒಪ್ಪಿಸಿದ್ದೇ 2025ರ ಮಾರ್ಚ್‌ ಕೊನೆಗೆ. ಅದೇ ಸೆಪ್ಟೆಂಬರ್‌ನಲ್ಲಿ ಹಳೆ ಮಿಗ್-21 ನಿವೃತ್ತಿಯಾದವು. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್ (ವಿಮಾನಗಳ ತಂಡ) 42, ಉಳಿದದ್ದು 29.

ಪ್ರಶ್ನೆ (ಅಥಣಿಯಿಂದ): ಬಜೆಟ್ ಹೆಚ್ಚಿಸಿದರೆ ಸರಿಹೋಗುತ್ತದೆ ಅಲ್ವಾ, ಸರ್?

ಉತ್ತರ: ಸುಮ್ನೆ ಹೆಚ್ಚಿಸಿದರೆ ಆಗಲ್ಲ. ನಮ್ಮ ಯುನಿಟ್‌ನಲ್ಲಿ ಒಂದು ತ್ರೀ-ಟನ್ ಗಾಡಿ ಏಳು ತಿಂಗಳು ಗ್ಯಾರೇಜ್ ಹಿಂದೆ ನಿಂತಿತ್ತು. ಬೇಕಿದ್ದದ್ದು ಒಂದು ಫ್ಯೂಯೆಲ್ ಪಂಪ್. ಮೂರು ಸಲ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದೆ. ಟೈರಿನ ಬುಡಕ್ಕೆ ಹುಲ್ಲು ಬೆಳೆದಿತ್ತು, ಬ್ಯಾಟರಿ ಸತ್ತಿತ್ತು. ಲೆಡ್ಜರ್ ತೆಗೆದರೆ ಮಾತ್ರ ಗಾಡಿ ಲೆಕ್ಕದಲ್ಲಿತ್ತು. ಆ ಸಾಲು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಮದ್ದುಗುಂಡಿನ ಕಥೆಯೂ ಹೀಗೇ ಇತ್ತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2017ರ ವರದಿ ಪ್ರಕಾರ 152 ಬಗೆಗಳಲ್ಲಿ 61 ಬಗೆಯ ದಾಸ್ತಾನು ಜೋರು ಯುದ್ಧದ 10 ದಿನಕ್ಕೂ ಸಾಲುತ್ತಿರಲಿಲ್ಲ. ಆಮೇಲೆ ಸೇನೆಗೇ ತುರ್ತಾಗಿ ಕೊಳ್ಳುವ ಅಧಿಕಾರ ಕೊಟ್ಟರು. ಒಳ್ಳೆಯದೇ, ಆದರೆ ಪ್ರತಿ ಸಲ ತುರ್ತು ಖರೀದಿಯೇ ದಾರಿ ಆಗಬಾರದು. ಆರ್ಡರ್ ಕೊಟ್ಟ ದಿನ ಟಿವಿಯಲ್ಲಿ ಬರುತ್ತದೆ. ಮಾಲು, ಅದರ ಬಿಡಿಭಾಗ, ಗುಂಡು ಮೂರೂ ಯುನಿಟ್‌ಗೆ ತಲುಪಿದ ದಿನವನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ (ಗೋಕಾಕದಿಂದ): ತಮ್ಮನಿಗೆ ಏನು ಕೇಳಲಿ?

ಉತ್ತರ: ರಜೆಗೆ ಬಂದಾಗ ಫೈರಿಂಗ್ ರೇಂಜ್‌ನಲ್ಲಿ ಎಷ್ಟು ಗುಂಡು ಹಾರಿಸಲು ಸಿಕ್ಕಿತು ಅಂತ ಕೇಳಿ. ಅವನು ಖುಷಿಯಿಂದ ಹೇಳುತ್ತಾನೆ.