ಅಪ್ಪೆಹುಳಿ ಮತ್ತು ಅರ್ಧ ಗಂಟೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಜಗಲಿಯಲ್ಲಿ ಮಾತು ಯಾವಾಗಲೂ ಅಡಿಕೆ ರೇಟಿನಿಂದ ಶುರು. ಮೊನ್ನೆ ಮಾತ್ರ ಹಲ್ಲಿನಿಂದ ಶುರುವಾಯಿತು. ಭಟ್ರು ತಣ್ಣೀರು ಬಾಯಿಗೆ ಹಾಕಿಕೊಂಡವರೇ "ಅಯ್ಯಯ್ಯಪ್ಪಾ" ಅಂತ ಕೆನ್ನೆ ಹಿಡಿದುಕೊಂಡರು.

"ಎನಾಮಲ್ ಸವೆದಿದೆ, ಹಲ್ಲಿನ ಮೇಲಿನ ಪದರ," ಅಂದರು ಮೇಷ್ಟ್ರು. ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ ಬಂದ ಮೇಲೆ ಅವರ ಕಣ್ಣು ಎಲ್ಲರ ಬಾಯಿಯ ಮೇಲೇ.

"ಸವೆಯೋದಾ? 40 ವರ್ಷ ಉಮಿಕರಿ, ಉಪ್ಪು ಹಾಕಿ ಗಸಗಸ ತಿಕ್ಕಿದ್ದೇನೆ!"

"ಅದಕ್ಕೇ."

"ಹಾಗೆ ತಿಕ್ಕಿದರೆ ಹಿತ್ತಾಳೆ ಚೊಂಬೂ ಉಳಿಯಲ್ಲ ಭಟ್ರೇ," ಅಂದರು ಗೌಡ್ರು.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಮೈಯಲ್ಲೆಲ್ಲಾ ಗಟ್ಟಿ ವಸ್ತು ಎನಾಮಲ್ಲೇ ಅಂತೆ, ಮೂಳೆಗಿಂತ ಗಟ್ಟಿ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಆದರೆ ಅದರಲ್ಲಿ ಜೀವಕೋಶ ಇಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತೆ, ಎನಾಮಲ್ ಹೋದರೆ ಹೋಯಿತು.

"ಪೇಸ್ಟಿನ ಜಾಹೀರಾತಲ್ಲಿ ವಾಪಸ್ ಬರುತ್ತೆ ಅಂತಾರಲ್ಲ?"

"ಹೋದ ಪದರ ಬರಲ್ಲ. ಮೆತ್ತಗಾದದ್ದು ಗಟ್ಟಿಯಾಗುತ್ತೆ, ಅಷ್ಟೇ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ, ಅಂದರೆ ಬಾಯಲ್ಲಿ ಹುಳಿ ಜಾಸ್ತಿಯಾದರೆ, ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಗೆ ಬರುತ್ತೆ. ಎಂಜಲು ಅದನ್ನ ನಿಧಾನಕ್ಕೆ ತುಂಬಿ ಕೊಡುತ್ತೆ. ಪೇಸ್ಟಲ್ಲಿ ಫ್ಲೋರೈಡ್ ಇದ್ದರೆ ಇನ್ನೂ ಗಟ್ಟಿ."

ಗೌಡ್ರು ತಲೆಯಾಡಿಸಿದರು. "ಗದ್ದೆ ಬದು ಇದ್ದ ಹಾಗೆ. ಮಳೆಗೆ ಸಡಿಲಾಗಿದ್ದರೆ ತಟ್ಟಿ ಕೂರಿಸಬಹುದು. ಕೊಚ್ಚಿಹೋದ ಮಣ್ಣು ತುಂಗೆ ಪಾಲು."

ಎರಡು ನಿಮಿಷ ಮೇಷ್ಟ್ರಿಗೆ ಮಾತೇ ಹೊರಡಲಿಲ್ಲ. ಡಾಕ್ಟರು ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಅಂತ ಕಾಣುತ್ತೆ.

ಆಮೇಲೆ ನಿಯಮ ಶುರು. ಮೆತ್ತನೆ ಬ್ರಷ್. ರಾತ್ರಿ ಮಲಗುವ ಮುಂಚೆ ತಪ್ಪದೆ ಉಜ್ಜಬೇಕು, ನಿದ್ದೆಯಲ್ಲಿ ಎಂಜಲು ಕಮ್ಮಿ. ನೊರೆ ಉಗಿಯಬೇಕು, ಆದರೆ ನೀರು ಹಾಕಿ ಮುಕ್ಕಳಿಸಬಾರದು, ಫ್ಲೋರೈಡ್ ತೊಳೆದು ಹೋಗುತ್ತೆ.

"ಬಾಯಿ ತೊಳೆಯದೆ ಮಲಗೋದಾ? ಮಡಿ ಏನಾಯ್ತು?" ಭಟ್ರು ಸಿಟ್ಟಾದರು. "ಅದೂ ಹೋಗಲಿ, ಜೀವನಪೂರ್ತಿ ಎಂಜಲು ಮೈಲಿಗೆ ಅಂತ ಮಕ್ಕಳಿಗೆ ಬೈದಿದ್ದೇನೆ. ಈಗ ಅದೇ ಹಲ್ಲು ಕಾಯೋದಾ?"

"ನಿಮ್ಮ ಬಾಯಲ್ಲೇ ಇದ್ದರೆ ಮೈಲಿಗೆ ಇಲ್ಲ," ಅಂತ ಗೌಡ್ರು ತೀರ್ಪು ಕೊಟ್ಟರು.

ದೊಡ್ಡ ಜಗಳ ಎದ್ದದ್ದು ಹುಳಿಯ ವಿಷಯಕ್ಕೆ. ಹುಳಿ ತಾಗಿದ ಹಲ್ಲು ಸ್ವಲ್ಪ ಹೊತ್ತು ಮೆತ್ತಗಿರುತ್ತೆ, ಅರ್ಧ ಗಂಟೆ ಬ್ರಷ್ ಮುಟ್ಟಬಾರದು, ಸಾದಾ ನೀರು ಮುಕ್ಕಳಿಸಿ ಸುಮ್ನೆ ಇರಿ, ಕುಡಿಯೋದಾದರೆ ಒಂದೇ ಸಲ ಕುಡಿದು ಮುಗಿಸಿ, ಗುಟುಕು ಗುಟುಕಾಗಿ ಎಳೆಯಬೇಡಿ ಅಂದರು ಮೇಷ್ಟ್ರು. ಅಪ್ಪೆಹುಳಿಯನ್ನು, ಅದೇ ಮಾವಿನಕಾಯಿಯ ತಿಳಿ ಹುಳಿಯನ್ನು, ಒಂದೇ ಗುಟುಕಿಗೆ ಕುಡಿಯುವುದು ನಮ್ಮಲ್ಲಿ ಪಾಪಕ್ಕೆ ಸಮ. ಭಟ್ರು ಒಪ್ಪಲಿಲ್ಲ, ಆದರೂ ರಾತ್ರಿ ಊಟದ ಕೊನೆಗೆ ಎರಡು ಲೋಟ ಎತ್ತಿ, ಗೋಡೆ ಗಡಿಯಾರ ನೋಡಿ 8.40 ಅಂತ ಬೆರಳಲ್ಲಿ ಲೆಕ್ಕ ಹಾಕಿದರು.

9.05ಕ್ಕೆ ಅಡಿಗೆಮನೆ ಕಡೆ ಕತ್ತು ಚಾಚಿದರು. "ತಂಗೀ, ಪಾತ್ರೆಯಲ್ಲಿ ಉಳಿದಿದ್ದು ಹಾಳಾಗುತ್ತೆ ಅಲ್ವಾ?"

"ಮತ್ತೆ ಅರ್ಧ ಗಂಟೆ ಕಾಯಬೇಕಾಗುತ್ತೆ," ಅಂದರು ಮೇಷ್ಟ್ರು, ಕವಳದ ಹರಿವಾಣದಿಂದ ದಪ್ಪ ಅಡಿಕೆ ಹೋಳೊಂದನ್ನು ಕಟಂ ಅಂತ ಕಡಿಯುತ್ತಾ.