ಕಾರವಾರದ ಹವೆಗೆ ಜಪಾನಿ ಚಾಕು ತಾಳುತ್ತಾ?

ಕಾಳಿದಂಡೆ:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ಯೋಚನೆ. ಜಪಾನಿನ ಸಕಾಯಿ ಊರಲ್ಲಿ ಮಾಡಿದ ದೇಬಾ ಚಾಕುವನ್ನು ಆನ್‌ಲೈನಲ್ಲಿ ನೋಡಿದ್ದೇನೆ, ಮೀನು ಕೊಯ್ಯಲಿಕ್ಕೇ ಮಾಡಿದ್ದು. ಬೆನ್ನು ದಪ್ಪ, ಅಂಚು ಸಣ್ಣ, ಮರದ ಹಿಡಿ, ಅಲಗಿನ ಮೇಲೆ ಕೆತ್ತಿದ ಅಕ್ಷರ. ನೋಡಿದರೇ ಕೈಗೆ ತಗೊಳ್ಳಬೇಕು ಅನ್ನಿಸುತ್ತದೆ. ಅದೇ ಅಂಗಡಿಯಲ್ಲಿ ಕ್ಯಾಮೆಲಿಯಾ ಬೀಜದ ಎಣ್ಣೆಯೂ ಇದೆ, ಚಾಕುವಿಗೂ ಹಚ್ಚಬಹುದು ಕೂದಲಿಗೂ ಹಚ್ಚಬಹುದು ಅಂತ ಬರೆದಿದ್ದಾರೆ. ನಿಜವಾ? ನಮ್ಮನೆ ಸಮುದ್ರಕ್ಕೆ ತೀರಾ ಹತ್ತಿರ, ಕಿಟಕಿ ಸರಳಿಗೆ ಎಷ್ಟು ಬಣ್ಣ ಹೊಡೆದರೂ ತುಕ್ಕು ಏಳುತ್ತದೆ. ವಾರಕ್ಕೆ ನಾಲ್ಕು ದಿನ ಮೀನು. ಅಮ್ಮ ಮೆಟ್ಟುಗತ್ತಿ ಬಿಟ್ಟು ಬೇರೆ ಮುಟ್ಟುವುದಿಲ್ಲ, ಚಾಕು ನನಗೆ. ದುಡ್ಡು ಕೂಡಿಟ್ಟು ತಗೊಳ್ಳುತ್ತಿದ್ದೇನೆ, ಹಾಳಾಗಬಾರದು.

ಕುಮಟೆಯವ:
ಮೊದಲು ಉಕ್ಕು ಯಾವುದು ಅಂತ ನೋಡಿ. ಶಿರೊಗಾಮಿ ಅಥವಾ ಆಓಗಾಮಿ ಅಂತಿದ್ದರೆ ಕಾರ್ಬನ್ ಉಕ್ಕು, ತುಕ್ಕು ಹಿಡಿದೇ ಹಿಡಿಯುತ್ತದೆ. ಬಿಳಿ ಕಾಗದ, ನೀಲಿ ಕಾಗದ ಅಂತ ಅದರರ್ಥ. ನನ್ನ ಹತ್ತಿರ ಶಿರೊಗಾಮಿಯ ಸಾಂತೊಕು ಇದೆ, ಅಂದರೆ ಮನೆಯಲ್ಲಿ ಎಲ್ಲದಕ್ಕೂ ಬಳಸುವ ಜಪಾನಿ ಚಾಕು. ಒಮ್ಮೆ ಮುರುಗಲು ಹೆಚ್ಚುವಾಗ ಫೋನ್ ಬಂತು, ಮಾತಾಡಿ ಬರುವಷ್ಟರಲ್ಲಿ ಅಲಗಿನ ಮೇಲೆ ನೀಲಿಗಪ್ಪು ಕಲೆ, ನನಗೆ ಹೊಟ್ಟೆ ಉರಿದುಹೋಯಿತು. ಆಮೇಲೆ ಗೊತ್ತಾಯಿತು, ಆ ಬೂದುಗಪ್ಪು ಬಣ್ಣದಿಂದ ತೊಂದರೆ ಇಲ್ಲ, ಅದು ಕೂತಮೇಲೆ ತುಕ್ಕು ಹಿಡಿಯುವುದು ಸ್ವಲ್ಪ ನಿಧಾನವಾಗುತ್ತದೆ. ಕೆಂಪು ಬಂದರೆ ಮಾತ್ರ ಅವತ್ತೇ ಉಜ್ಜಿ ತೆಗೆಯಬೇಕು. ಕೊಯ್ದ ತಕ್ಷಣ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ. ಮಳೆಗಾಲದಲ್ಲಿ ಮರದ ಒರೆಯೊಳಗೆ ಇಡಬೇಡಿ, ಒಳಗೆ ತೇವ ನಿಲ್ಲುತ್ತದೆ. ಮಸೆಯಲಿಕ್ಕೆ 1000 ನಂಬರಿನ ಸಾಣೆಕಲ್ಲು ಸಾಕು.

ಇನ್ನೊಂದು, ನೀವು ಎಡಗೈಯವರಾ? ದೇಬಾಕ್ಕೆ ಒಂದೇ ಬದಿಗೆ ಅಂಚು. ಮಾಮೂಲಿ ಸಿಗುವುದೆಲ್ಲ ಬಲಗೈಯವರಿಗೆ.

ಶಿರಸಿ ತೋಟ:
ಎಣ್ಣೆ ವಿಷಯ ನಾನು ಹೇಳುತ್ತೇನೆ. ಜಪಾನಿನಲ್ಲಿ ಈ ಕ್ಯಾಮೆಲಿಯಾ ಗಿಡಕ್ಕೆ ತ್ಸುಬಾಕಿ ಅನ್ನುತ್ತಾರೆ, ಚಹಾ ಗಿಡದ ಜಾತಿಯದೇ. ಇಜು ಓಶಿಮಾ, ಗೊತೊ ದ್ವೀಪಗಳ ಎಣ್ಣೆಗೆ ಹೆಸರು ಜಾಸ್ತಿ. ಅಲ್ಲಿ ಬಡಗಿಗಳು ಉಳಿಗೂ ಇದನ್ನೇ ಸವರುತ್ತಾರೆ, ಬೇಗ ಅಂಟಾಗುವುದಿಲ್ಲ. ನಾನು ತಲೆ ಒದ್ದೆ ಇರುವಾಗಲೇ ಎರಡು ಹನಿ ಅಂಗೈಗೆ ಹಾಕಿ ಕೂದಲ ತುದಿಗೆ ಹಚ್ಚುತ್ತೇನೆ, ಒಣಗಿದಮೇಲೆ ಜಿಡ್ಡೇ ಗೊತ್ತಾಗುವುದಿಲ್ಲ, ವಾಸನೆಯೂ ಇಲ್ಲ. ಶಿರಸಿ ಚಳಿಗೆ ನಮ್ಮ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ, ಇದು ನೀರಾಗೇ ಇರುತ್ತದೆ. ಹಾಗಂತ ಕೊಬ್ಬರಿ ಎಣ್ಣೆ ಬಿಡಬೇಡಿ ಅಕ್ಕಾ, ಕೂದಲ ಒಳಗೆ ಇಳಿಯುವುದರಲ್ಲಿ ಅದೇ ಮೇಲು. ತಗೊಳ್ಳುವಾಗ ಬಾಟಲಿ ತಿರುಗಿಸಿ ಓದಿ, ಕೆಲವದರಲ್ಲಿ ಹೂವಿನ ಚಿತ್ರ ದೊಡ್ಡದು, ಒಳಗೆ ಮುಕ್ಕಾಲು ಪಾಲು ಸಿಲಿಕೋನ್. ಅಂಥದ್ದು ಚಾಕುವಿಗಂತೂ ಬೇಡವೇ ಬೇಡ.

ಕಾಳಿದಂಡೆ:
ಅಯ್ಯೋ, ನಾನು ಎಡಗೈಯವಳೇ! ನೀವು ಕೇಳದಿದ್ದರೆ ತರಿಸಿಬಿಡುತ್ತಿದ್ದೆ. ಎಡಗೈ ದೇಬಾ ಹುಡುಕಿದೆ, ಬೆಲೆ ನನಗೆ ಎಟುಕುವುದಿಲ್ಲ. ಸಾಂತೊಕುಗೆ ಎರಡೂ ಬದಿ ಅಂಚು ಇರುತ್ತದಲ್ವಾ? ಅದರಿಂದ ಬಂಗಡೆ ಕೊಯ್ಯಬಹುದಾ?

ಕುಮಟೆಯವ:
ಧಾರಾಳವಾಗಿ. ಹೊಟ್ಟೆ ಸೀಳಲಿಕ್ಕೆ, ತುಂಡು ಮಾಡಲಿಕ್ಕೆ ಏನೂ ತೊಂದರೆ ಇಲ್ಲ. ದೊಡ್ಡ ಮೀನಿನ ತಲೆ ಮಾತ್ರ ಅಮ್ಮನ ಮೆಟ್ಟುಗತ್ತಿಗೇ ಬಿಡಿ, ಸಾಂತೊಕು ಅಂಚು ತೆಳು, ಮೂಳೆಗೆ ಬಡಿದರೆ ಚಕ್ಕೆ ಏಳುತ್ತದೆ. ನೀವು ಇರುವ ಜಾಗಕ್ಕೆ ಸ್ಟೇನ್‌ಲೆಸ್ಸೇ ಒಳ್ಳೆಯದು.

ಕಾಳಿದಂಡೆ:
ಸರಿ, ಸ್ಟೇನ್‌ಲೆಸ್ ಸಾಂತೊಕು. ಅದು ಮುಂದಿನ ತಿಂಗಳು. ಎಣ್ಣೆ ಈಗಲೇ ಆರ್ಡರ್ ಮಾಡಿದೆ, ಅಮ್ಮನ ಮೆಟ್ಟುಗತ್ತಿಗೂ ಒಂದು ಹನಿ ಹಚ್ಚಿ ನೋಡುತ್ತೇನೆ.