1 ಎಚ್‌ಪಿ ಮೋಟರ್, ಗೀಸರ್ ಎರಡೂ ಒಂದೇ ಲೈನಲ್ಲಿ, ಎಷ್ಟು ಆಂಪ್ಸ್ ಫ್ಯೂಸ್ ಹಾಕೋದು?

ತೋಟದಮನೆ_ಸೋಮವಾರಪೇಟೆ:
ನಮ್ದು ಹಳೇ ಮನೆ, ಮರದ ಬೋರ್ಡು, ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸೇ ಇನ್ನೂ ಇರೋದು. ಬಾವಿಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ಮಳೆಗಾಲದಲ್ಲಿ ಸೌದೆ ಒಣಗೋದೇ ಇಲ್ಲ ಅಂತ ಈಗ ಅದೇ ಲೈನಿಂದ ಬಚ್ಚಲಿಗೆ 2 ಕಿಲೋವ್ಯಾಟ್ ಗೀಸರ್‌ಗೂ ಎಳೆಸಿದೀವಿ. ಬೆಳಗ್ಗೆ ಎರಡೂ ಒಟ್ಟಿಗೆ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಫ್ಯೂಸ್ ಢಮಾರ್. ಸಂಜೆ ವೋಲ್ಟೇಜ್ 170ಕ್ಕೆ ಇಳಿದಾಗ ಮೋಟರ್ ಒಂದೇ ಹಾಕಿದ್ರೂ ಕೆಲವು ಸಲ ಹೋಗುತ್ತೆ. ಪಕ್ಕದ ತೋಟದವ್ರು ದಪ್ಪ ತಂತಿ ಎರಡೆಳೆ ಸುತ್ತಿಬಿಡಿ, ಎಂತ ಆಗಲ್ಲ ಅಂತಾರೆ. ಪೈಪಲ್ಲಿರೋದು ಹಳೇ 3/22 (22 ಗೇಜಿನ ಮೂರೆಳೆ) ತಾಮ್ರದ ವೈರು. ಸರಿಯಾಗಿ ಎಷ್ಟು ಹಾಕ್ಬೇಕು?

ಗೋಣಿಕೊಪ್ಪ_ಹುಡುಗ:
ಕಿಟ್‌ಕ್ಯಾಟ್ ಬಿಸಾಕಿ 32 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿ ಸರ್, ನಮ್ಮಲ್ಲಿ ಹಾಗೇ ಇದೆ, ಒಂದ್ಸಲಾನೂ ಟ್ರಿಪ್ ಆಗಿಲ್ಲ

ವೈರಿಂಗ್_ಕುಶಾಲನಗರ:
ಟ್ರಿಪ್ ಆಗದೇ ಇರೋದೇ ತೊಂದ್ರೆ ಮಾರಾಯ್ರೆ. ಫ್ಯೂಸ್ ಕಾಯೋದು ಗೋಡೆ ಒಳಗಿನ ವೈರನ್ನ, ವೈರ್ ಎಷ್ಟು ತಡ್ಕೊಳ್ಳುತ್ತೋ ಅದಕ್ಕಿಂತ ಫ್ಯೂಸ್ ದೊಡ್ಡದಿದ್ರೆ ಮೊದ್ಲು ಸುಡೋದು ವೈರೇ, ಅದೂ ಮರದ ಬೋರ್ಡಿನ ಹಿಂದೆ.

ಲೆಕ್ಕ ಹಾಕಿ. ಗೀಸರ್ 2000 ಭಾಗ 230, ಸುಮಾರು 8.7 ಆಂಪ್ಸ್. ಮೋಟರ್‌ಗೆ 746 ವ್ಯಾಟ್ ಅಂತ ಭಾಗಿಸಿ 3.2 ಅನ್ಬೇಡಿ, ಅದು ಶಾಫ್ಟಲ್ಲಿ ಸಿಗೋ ಶಕ್ತಿ, ಲೈನಿಂದ ಎಳೆಯೋದು 6-7 ಆಂಪ್ಸ್ ಇರುತ್ತೆ, ನೇಮ್‌ಪ್ಲೇಟ್ ನೋಡ್ಕೊಳ್ಳಿ. ಎರಡೂ ಸೇರಿ 15ರ ಆಸುಪಾಸು. ನಿಮ್ಮ 3/22 ಅಂದ್ರೆ ಬರೀ 1.2 ಸ್ಕ್ವೇರ್ ಎಂಎಂ ಹತ್ರ, ಪೈಪಲ್ಲಿ ಅದಕ್ಕೆ 10 ಆಂಪ್ಸ್‌ಗಿಂತ ಜಾಸ್ತಿ ಫ್ಯೂಸ್ ನಾನಂತೂ ಹಾಕಲ್ಲ. ಹಂಗಾಗಿ ಈ ಲೈನಿಗೆ ಎರಡನ್ನೂ ಓಡಿಸೋ ಸರಿಯಾದ ಫ್ಯೂಸ್ ಅಂತ ಇಲ್ಲವೇ ಇಲ್ಲ. ಗೀಸರ್‌ಗೆ ಮೇನ್ ಬೋರ್ಡಿಂದ ಬೇರೆ 2.5 ಸ್ಕ್ವೇರ್ ಎಂಎಂ ವೈರ್ ಎಳೆಸಿ 16 ಆಂಪ್ಸ್ ಎಂಸಿಬಿ ಹಾಕ್ಸಿ.

ಎರಡೆಳೆ ಮಾತು ಮರೆತುಬಿಡಿ. 0.5 ಎಂಎಂ ಫ್ಯೂಸ್ ತಂತಿ ಒಂದೆಳೆಗೇ 15 ಆಂಪ್ಸ್ ಲೆಕ್ಕ, ಕಿಟ್‌ಕ್ಯಾಟಲ್ಲಿ ಅದು ಕರಗೋದು ಹತ್ರ ಹತ್ರ ಡಬಲ್ ಹರಿದಾಗ.

ತೋಟದಮನೆ_ಸೋಮವಾರಪೇಟೆ:
ಸರಿ ಅಣ್ಣ, ಗೀಸರ್ ಬೇರೆ ಮಾಡಿಸ್ತೀನಿ. ಸಂಜೆ ಮೋಟರ್ ಒಂದಕ್ಕೇ ಹೋಗೋದು ಯಾಕೆ?

ಪಂಪ್‌ಸೆಟ್_ವಿರಾಜಪೇಟೆ:
ವೋಲ್ಟೇಜ್ ಇಳಿದ್ರೆ ಗೀಸರ್ ಕಮ್ಮಿ ಕರೆಂಟ್ ಎಳೆಯುತ್ತೆ, ಮೋಟರ್ ಉಲ್ಟಾ, ನೀರೆತ್ತೋ ಕೆಲಸ ಅಷ್ಟೇ ಇರುತ್ತಲ್ಲ, ಜಾಸ್ತಿ ಎಳೆಯುತ್ತೆ. ಸ್ಟಾರ್ಟ್ ಆಗುವಾಗಂತೂ ಐದಾರು ಪಟ್ಟು, 170ರಲ್ಲಿ ಸ್ಪೀಡ್ ಹಿಡಿಯಕ್ಕಾಗದೆ ಗುಂಯ್ ಅಂತ ನಿಂತ್ರೆ ಆ ಕರೆಂಟ್ ಹಾಗೇ ಹರೀತಾ ಇರುತ್ತೆ, ಫ್ಯೂಸ್ ಹೋಗ್ಲೇಬೇಕು, ಹೋಗದಿದ್ರೆ ವೈಂಡಿಂಗ್ ಹೋಗುತ್ತೆ. ಫೆಬ್ರವರಿ-ಮಾರ್ಚಲ್ಲಿ ಕಾಫಿ ಹೂಮಳೆ ತಪ್ಪಿ ಸುತ್ತಮುತ್ತ ತೋಟದವ್ರೆಲ್ಲ ಒಟ್ಟಿಗೆ ಮೋಟರ್ ಹಾಕಿದಾಗ ನೋಡ್ಬೇಕು ಈ ಕಥೆ. ಮಧ್ಯಾಹ್ನ ವೋಲ್ಟೇಜ್ ಸರಿ ಇದ್ದಾಗ್ಲೂ ಗುಂಯ್ ಅಂದ್ರೆ ಕೆಪಾಸಿಟರ್ ಚೆಕ್ ಮಾಡ್ಸಿ.

ಮೋಟರ್‌ಗೆ 10 ಆಂಪ್ಸ್ ಎಂಸಿಬಿ ಸಾಕು, ಆದ್ರೆ ಅಂಗಡೀಲಿ ಸಿ ಟೈಪ್ ಅಂತಾನೇ ಕೇಳಿ. ಬಿ ಟೈಪ್ ತನ್ನ ರೇಟಿಂಗಿನ 3-5 ಪಟ್ಟಿಗೇ ಬಿದ್ದುಬಿಡುತ್ತೆ, ಸಿ 5-10 ಪಟ್ಟು. ಜೊತೆಗೆ ಓವರ್‌ಲೋಡ್ ರಿಲೇ ಇರೋ ಸ್ಟಾರ್ಟರ್ ಇರ್ಲಿ, ಸ್ವಲ್ಪ ಸ್ವಲ್ಪ ಜಾಸ್ತಿ ಎಳೆದು ವೈಂಡಿಂಗ್ ಬಿಸಿಯಾಗೋದನ್ನ ಫ್ಯೂಸ್ ಹಿಡಿಯಲ್ಲ.

ತೋಟದಮನೆ_ಸೋಮವಾರಪೇಟೆ:
ಇನ್ನೊಂದು, ಬೋರ್ಡಲ್ಲಿ ನ್ಯೂಟ್ರಲ್‌ಗೂ ಒಂದು ಕಿಟ್‌ಕ್ಯಾಟ್ ಇದೆ, ಅದಕ್ಕೂ ತಂತಿ ಬದಲಾಯಿಸ್ಬೇಕಾ?

ವೈರಿಂಗ್_ಕುಶಾಲನಗರ:
ಅಯ್ಯೋ ಅದನ್ನ ತೆಗೆಸಿ ಮೊದ್ಲು, ನ್ಯೂಟ್ರಲ್‌ಗೆ ಫ್ಯೂಸ್ ಇರ್ಲೇಬಾರ್ದು. ಅದು ಹೋದ್ರೆ ಮೋಟರ್ ನಿಂತಿರುತ್ತೆ, ಕರೆಂಟಿಲ್ಲ ಅಂದ್ಕೊಂಡು ಕೈ ಹಾಕ್ತೀರಿ, ಫೇಸ್ ಒಳಗೆ ಬಂದು ಕೂತಿರುತ್ತೆ. ಅಲ್ಲಿಗೆ ಫ್ಯೂಸಿಲ್ಲದ ನೇರ ಲಿಂಕ್ ಹಾಕ್ಸಿ. ಬಚ್ಚಲ ಗೀಸರ್ ಅಲ್ವಾ, ಅರ್ಥಿಂಗ್ ನೋಡಿಸಿ 30 ಮಿಲಿಆಂಪ್ಸ್ ಆರ್‌ಸಿಸಿಬಿನೂ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಒಂದು ಸೇರಿಸ್ಕೊಳ್ಳಿ, ಶಾಕ್ ಹೊಡೆಯೋ ಕರೆಂಟಿಗೆಲ್ಲ ಈ ಫ್ಯೂಸ್ ಹೋಗಲ್ಲ. ಎಲ್ಲಾ ಮೇನ್ ಆಫ್ ಮಾಡಿ, ಲೈಸೆನ್ಸ್ ಇರೋವ್ರ ಕೈಲೇ.